ಹಿಮದ ಸಾಕ್ಷ್ಯ ಮತ್ತು ಮನುಷ್ಯನ ಹೊಣೆ

ಮನುಷ್ಯನು ಮಾಡುವ ಕಾರ್ಯಗಳಲ್ಲಿ ಎರಡು ಬಗೆಯುಂಟು. ಫಲವನ್ನು ಅರಿತು ಮಾಡುವುದು ಒಂದು. ಫಲವನ್ನು ಅರಿಯದೆ ಮಾಡುವುದು ಇನ್ನೊಂದು. ಮೊದಲನೆಯದಕ್ಕೆ ಮಾಡಿದವನೇ ಹೊಣೆಯೆಂಬುದನ್ನು ಎಲ್ಲರೂ ಒಪ್ಪುವರು. ಎರಡನೆಯದರ ವಿಷಯದಲ್ಲಿ ಅಂತಹ ಒಮ್ಮತವಿಲ್ಲ. ಕಣ್ಣಿಗೆ ಕಾಣದ, ವಾಸನೆಯಿಂದ ತಿಳಿಯದ, ಮಾಡಿದ ಕ್ಷಣದಲ್ಲಿ ಯಾರಿಗೂ ನೋವು ತಾರದ ಒಂದು ಕಾರ್ಯವು ಕಾಲಾಂತರದಲ್ಲಿ, ದೇಶಾಂತರದಲ್ಲಿ, ಎಣಿಸಲಾಗದಷ್ಟು ಜೀವಗಳಿಗೆ ಬಾಧೆಯನ್ನು ತರುವುದಾದರೆ ಅದಕ್ಕೆ ಉತ್ತರ ಹೇಳಬೇಕಾದವರು ಯಾರು? ಮಾಡಿದವನು ಗತಿಸಿಹೋಗಿರುತ್ತಾನೆ, ಬಾಧೆಪಡುವವನು ಇನ್ನೂ ಹುಟ್ಟಿರುವುದಿಲ್ಲ, ನಡುವೆ ಸಾಕ್ಷಿ ನುಡಿಯುವವರು ಇಲ್ಲ. ಇಂತಹ ವಿಷಯದಲ್ಲಿ ತಪ್ಪು ಒಪ್ಪುಗಳ ವಿಚಾರವೇ ನಿರರ್ಥಕವೆಂದು ಹೇಳುವವರೂ ಉಂಟು.

ಆದರೆ ಸಾಕ್ಷಿಯೇ ಇಲ್ಲವೆಂಬ ಮಾತು ನಿಜವಲ್ಲ. ಭೂಮಿಯ ಎರಡು ಧ್ರುವಗಳಲ್ಲಿ, ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕದ ಹಿಮರಾಶಿಯಲ್ಲಿ, ಲಕ್ಷಾಂತರ ವರ್ಷಗಳ ಗಾಳಿಯು ಸಣ್ಣ ಸಣ್ಣ ಗುಳ್ಳೆಗಳಾಗಿ ಸೆರೆಯಾಗಿ ನಿಂತಿದೆ. ಆ ಗುಳ್ಳೆಗಳನ್ನು ಒಡೆದು ವಿಜ್ಞಾನಿಗಳು ಮೀಥೇನ್ ಎಂಬ ಅನಿಲದ ಪುರಾತನ ಲೆಕ್ಕವನ್ನು ಓದಿದ್ದಾರೆ. ಈ ಲೆಕ್ಕವು ಕೇವಲ ವಿಜ್ಞಾನದ ವಿಷಯವಲ್ಲ. ಅರಿಯದೆ ಮಾಡಿದ ಕಾರ್ಯಕ್ಕೂ ಅರಿತ ಮೇಲೆ ಮುಂದುವರಿಸಿದ ಕಾರ್ಯಕ್ಕೂ ಇರುವ ಅಂತರವನ್ನು ಇದರಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನವು ವಿರಳ. ಆದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸುವುದು ಯುಕ್ತ.

ಗಾಳಿಯೊಳಗಿನ ಅಲ್ಪಾಂಶ

1776ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಎಂಬ ವಿಜ್ಞಾನಿಯು ಮಜ್ಜೋರೆ ಸರೋವರದ ಅಂಚಿನಲ್ಲಿ ಕೋಲಿನಿಂದ ಕೆಸರನ್ನು ಕಲಕಿ, ಮೇಲೆದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದನು. ಆ ಗಾಳಿಯು ಬೆಂಕಿ ಸೋಕಿದೊಡನೆ ಉರಿಯಿತು. ಅದೇ ಮೀಥೇನ್. ಗಾಳಿಯಾಡದ ಕೆಸರಿನಲ್ಲಿ ಸಸ್ಯಾಂಶವು ಕೊಳೆಯುವಾಗ ಸೂಕ್ಷ್ಮಜೀವಿಗಳಿಂದ ಇದು ಹುಟ್ಟುತ್ತದೆ. ಜೌಗು ಭೂಮಿಯಿಂದ, ನೀರು ನಿಂತ ಭತ್ತದ ಗದ್ದೆಯಿಂದ, ಮೆಲುಕು ಹಾಕುವ ದನ ಕುರಿಗಳ ಜಠರದಿಂದ, ಕಾಡುಗಿಚ್ಚಿನಿಂದ, ಕಸದ ರಾಶಿಯಿಂದ, ಕಲ್ಲಿದ್ದಲಿನ ಗಣಿಯಿಂದ, ಎಣ್ಣೆ ಮತ್ತು ಅನಿಲದ ಬಾವಿಗಳಿಂದ ಇದು ಗಾಳಿಗೆ ಸೇರುತ್ತದೆ.

ಗಾಳಿಯಲ್ಲಿ ಇದರ ಪ್ರಮಾಣವು ಅತ್ಯಲ್ಪ. ಇಂದು ನೂರು ಕೋಟಿ ಪಾಲು ಗಾಳಿಯಲ್ಲಿ ಮೀಥೇನ್ 1,900 ಪಾಲುಗಳನ್ನು ಸ್ವಲ್ಪ ಮೀರಿದೆ, ಅಷ್ಟೆ. ಆದರೆ ಅಲ್ಪವೆಂದು ಅಲಕ್ಷಿಸುವಂತಿಲ್ಲ. ಭೂಮಿಯಿಂದ ಹೊರಹೋಗಬೇಕಾದ ಶಾಖವನ್ನು ತಡೆದು ಹಿಡಿಯುವುದರಲ್ಲಿ, ಇಪ್ಪತ್ತು ವರ್ಷಗಳ ಅವಧಿಯನ್ನು ತೆಗೆದುಕೊಂಡರೆ, ಒಂದು ತೂಕದ ಮೀಥೇನ್ ಅಷ್ಟೇ ತೂಕದ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 80 ಪಟ್ಟು ಪ್ರಬಲವಾದುದು.

ಗಾಳಿಯಲ್ಲಿ ಈ ಅನಿಲವು ಎಲ್ಲೆಡೆಯೂ ಇದೆಯೆಂಬುದು ಮನುಷ್ಯನಿಗೆ ತಿಳಿದುದೇ ಇತ್ತೀಚೆಗೆ. ಬೆಲ್ಜಿಯಂ ದೇಶದ ಖಗೋಲಜ್ಞ ಮಾರ್ಸೆಲ್ ಮಿಜೋತ್ ಅವರು 1948ರಲ್ಲಿ ಸೂರ್ಯನ ಬೆಳಕನ್ನು ವಿಶ್ಲೇಷಿಸುವಾಗ ಇದರ ಗುರುತನ್ನು ಕಂಡರು. ಜಗತ್ತಿನ ಹಲವು ಕಡೆಗಳಿಂದ ಗಾಳಿಯನ್ನು ತರಿಸಿ ಕ್ರಮವಾಗಿ ಅಳೆಯುವ ಏರ್ಪಾಡು ಅಮೆರಿಕದಲ್ಲಿ 1983ರಲ್ಲಿ ನೆಲೆಗೊಂಡಿತು. ಹಾಗಾದರೆ ಅದಕ್ಕೆ ಹಿಂದಿನ ಮಾತೇನು? ಉಗಿಯಂತ್ರಗಳು ಬರುವ ಮೊದಲು ಗಾಳಿಯಲ್ಲಿ ಎಷ್ಟು ಮೀಥೇನ್ ಇತ್ತು? ಅಳೆದು ಬರೆದಿಟ್ಟವರು ಯಾರೂ ಇಲ್ಲ. ಬರೆದಿಟ್ಟದ್ದು ಹಿಮ ಮಾತ್ರ.

ಹಿಮದಲ್ಲಿ ಸೆರೆಯಾದ ಗಾಳಿ

ಧ್ರುವ ಪ್ರದೇಶದಲ್ಲಿ ಬಿದ್ದ ಹಿಮವು ಬೇಸಿಗೆಯಲ್ಲಿಯೂ ಕರಗುವುದಿಲ್ಲ. ಈ ವರ್ಷದ ಹಿಮದ ಮೇಲೆ ಬರುವ ವರ್ಷದ ಹಿಮ, ಅದರ ಮೇಲೆ ಮತ್ತೊಂದು ವರ್ಷದ್ದು, ಹೀಗೆ ಪದರದ ಮೇಲೆ ಪದರ ಕೂಡುತ್ತ ಹೋಗುತ್ತದೆ. ಹೊಸ ಹಿಮವು ಹತ್ತಿಯಂತೆ ಸಡಿಲವಾಗಿದ್ದು ಅದರ ಸಂದುಗಳಲ್ಲಿ ಗಾಳಿಯು ಓಡಾಡುತ್ತದೆ. ಮೇಲಿನ ಭಾರ ಹೆಚ್ಚಿದಂತೆ ಕೆಳಗಿನ ಹಿಮವು ಒತ್ತಿಕೊಂಡು ಗಟ್ಟಿಯಾಗುತ್ತದೆ. ಐವತ್ತರಿಂದ ನೂರು ಮೀಟರುಗಳಷ್ಟು ಆಳದಲ್ಲಿ ಸಂದುಗಳು ಪೂರ್ತಿಯಾಗಿ ಮುಚ್ಚಿಕೊಂಡು, ಅಲ್ಲಿದ್ದ ಗಾಳಿಯು ಗುಳ್ಳೆಯಾಗಿ ಉಳಿಯುತ್ತದೆ. ಆ ಬಳಿಕ ಮೇಲಿನ ಲೋಕದ ಗಾಳಿಗೂ ಅದಕ್ಕೂ ಸಂಬಂಧವಿಲ್ಲ.

ಈ ಗುಳ್ಳೆಗಳ ಮಹತ್ವವನ್ನು ಮೊದಲೇ ಊಹಿಸಿದವರಲ್ಲಿ ಫ್ರಾನ್ಸಿನ ಕ್ಲೋದ್ ಲೋರಿಯುಸ್ ಪ್ರಮುಖರು. 1965ರಲ್ಲಿ ಅಂಟಾರ್ಕ್ಟಿಕದ ಶಿಬಿರದಲ್ಲಿ, ಆಳದಿಂದ ತೆಗೆದ ಹಿಮದ ತುಣುಕುಗಳನ್ನು ಪಾನೀಯದ ಲೋಟಕ್ಕೆ ಹಾಕಿದಾಗ ಗುಳ್ಳೆಗಳು ಸಿಡಿಯುವುದನ್ನು ಅವರು ಕಂಡರು. ಸಿಡಿಯುವ ಪ್ರತಿಯೊಂದು ಗುಳ್ಳೆಯಲ್ಲಿಯೂ ಹಿಂದಿನ ಕಾಲದ ಗಾಳಿ ಇದೆಯಲ್ಲವೆ ಎಂಬ ಯೋಚನೆ ಅವರಿಗೆ ಆಗ ಹೊಳೆಯಿತು.

ಪೊಳ್ಳಾದ ಕೊರೆಗೊಳವೆಯನ್ನು ಹಿಮದೊಳಗೆ ಇಳಿಸಿ, ಕಂಬದ ಆಕಾರದಲ್ಲಿ ಹಿಮವನ್ನು ಮೇಲೆತ್ತುವುದು ಈ ಶೋಧನೆಯ ಕ್ರಮ. ಹೀಗೆ ತೆಗೆದ ಕಂಬವನ್ನು ಹಿಮದಂಡವೆಂದು ಕರೆಯಬಹುದು. ರಷ್ಯನ್ನರ ವೋಸ್ಟೋಕ್ ನಿಲಯದಲ್ಲಿ 1998ರ ವೇಳೆಗೆ 3,623 ಮೀಟರುಗಳಷ್ಟು ಆಳವನ್ನು ಮುಟ್ಟಲಾಯಿತು. ಯೂರೋಪಿನ ಹಲವು ದೇಶಗಳು ಕೂಡಿ ಅಂಟಾರ್ಕ್ಟಿಕದ ಡೋಮ್ ಸಿ ಎಂಬಲ್ಲಿ 1996ರಿಂದ 2004ರವರೆಗೆ ನಡೆಸಿದ ಎಪಿಕಾ ಕಾರ್ಯದಲ್ಲಿ ಎಂಟು ಲಕ್ಷ ವರ್ಷಗಳ ಹಿಮವು ದೊರೆಯಿತು. 2025ರ ಜನವರಿಯಲ್ಲಿ ಅದರ ಸಮೀಪದ ಲಿಟ್ಲ್ ಡೋಮ್ ಸಿ ಎಂಬಲ್ಲಿ 2,800 ಮೀಟರು ಕೊರೆದು, ಹನ್ನೆರಡು ಲಕ್ಷ ವರ್ಷಗಳಷ್ಟು ಹಿಂದಕ್ಕೆ ಹೋಗುವ ಹಿಮವನ್ನು ಮೇಲೆತ್ತಿದ್ದಾರೆ.

ಪ್ರಯೋಗಶಾಲೆಯಲ್ಲಿ ಹಿಮದ ಹೊರಮೈಯನ್ನು ಕೆತ್ತಿ ತೆಗೆದು, ಒಳಗಿನ ಶುದ್ಧವಾದ ತುಣುಕನ್ನು ಗಾಳಿಯಿಲ್ಲದ ಪಾತ್ರೆಯಲ್ಲಿ ಇಡುತ್ತಾರೆ. ಅಲ್ಲಿ ಅದನ್ನು ಕರಗಿಸುತ್ತಾರೆ, ಇಲ್ಲವೆ ಹಿಮವಾಗಿರುವಂತೆಯೇ ಪುಡಿಮಾಡುತ್ತಾರೆ. ಹೊರಬಿದ್ದ ಗಾಳಿಯನ್ನು ಯಂತ್ರಕ್ಕೆ ಹಾಯಿಸಿ ಮೀಥೇನನ್ನು ಎಣಿಸುತ್ತಾರೆ. ಒಂದು ಎಣಿಕೆಗೆ ಸಾಮಾನ್ಯವಾಗಿ ಅಂಗೈಯಲ್ಲಿ ಹಿಡಿಯುವಷ್ಟು ಹಿಮ ಸಾಕು.

ಸಾಕ್ಷಿಯನ್ನು ಪರೀಕ್ಷಿಸುವ ಕ್ರಮ

ಯಾವ ಸಾಕ್ಷಿಯನ್ನೂ ಪರೀಕ್ಷಿಸದೆ ನಂಬುವುದು ವಿವೇಕಿಗಳ ರೀತಿಯಲ್ಲ. ಹಿಮವು ಸುಳ್ಳು ಹೇಳದಿರಬಹುದು. ಆದರೆ ಕೇಳುವವನು ತಪ್ಪಾಗಿ ಕೇಳಬಹುದು. ಈ ಶಾಸ್ತ್ರದವರು ಎಚ್ಚರಿಕೆಯಿಂದ ಕಲಿತ ಕೆಲವು ಪಾಠಗಳು ಇಲ್ಲಿ ಉಲ್ಲೇಖಾರ್ಹವಾಗಿವೆ.

ಮೊದಲನೆಯದು, ಹಿಮದ ವಯಸ್ಸೂ ಅದರೊಳಗಿನ ಗಾಳಿಯ ವಯಸ್ಸೂ ಒಂದೇ ಅಲ್ಲ. ಸಂದುಗಳು ಮುಚ್ಚುವವರೆಗೆ ಹೊಸ ಗಾಳಿಯು ಒಳಕ್ಕೆ ಬರುತ್ತಲೇ ಇರುವುದರಿಂದ ಗಾಳಿಯು ಯಾವಾಗಲೂ ತನ್ನ ಸುತ್ತಲಿನ ಹಿಮಕ್ಕಿಂತ ಕಿರಿಯದು. ಹೇರಳವಾಗಿ ಹಿಮ ಬೀಳುವ, ಅಂಟಾರ್ಕ್ಟಿಕದ ಕರಾವಳಿಯ ಲಾ ಡೋಮ್ ಎಂಬಲ್ಲಿ ಈ ಅಂತರವು ಕೇವಲ ಮೂವತ್ತು ನಲವತ್ತು ವರ್ಷ. ಹಿಮವು ಅತಿ ವಿರಳವಾಗಿ ಬೀಳುವ ವೋಸ್ಟೋಕಿನಲ್ಲಿ ಅದು ಹಲವು ಸಾವಿರ ವರ್ಷ. ಇದನ್ನು ಲೆಕ್ಕಕ್ಕೆ ಹಿಡಿಯದವನು ಒಂದು ಕಾಲದ ಗಾಳಿಯನ್ನು ಬೇರೊಂದು ಕಾಲದ್ದೆಂದು ಹೇಳಿಬಿಡುವನು.

ಎರಡನೆಯದು, ಗುಳ್ಳೆಗಳೆಲ್ಲವೂ ಒಂದೇ ದಿನ ಮುಚ್ಚುವುದಿಲ್ಲ. ಆದ್ದರಿಂದ ಒಂದು ತುಣುಕಿನಲ್ಲಿ ದೊರೆಯುವುದು ಒಂದು ವರ್ಷದ ಗಾಳಿಯಲ್ಲ. ಕೆಲವೆಡೆ ಒಂದೆರಡು ದಶಕಗಳ, ಕೆಲವೆಡೆ ಶತಮಾನಗಳ ಬೆರಕೆ. ಅಲ್ಪಕಾಲದ ಏರಿಳಿತಗಳು ಅಂತಹ ಬೆರಕೆಯಲ್ಲಿ ಅಳಿಸಿಹೋಗುತ್ತವೆ. ಹಿಮದಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ನಡೆಯಲೇ ಇಲ್ಲವೆಂದು ಸಾಧಿಸುವಂತಿಲ್ಲ.

ಮೂರನೆಯದು, ಹಿಮದೊಳಗೇ ಮೀಥೇನ್ ಹುಟ್ಟುವ ಸಂದರ್ಭಗಳುಂಟು. ಗ್ರೀನ್‌ಲ್ಯಾಂಡಿನಲ್ಲಿ ಹಿಂದೆ ಕರಗಿ ಮರಳಿ ಹೆಪ್ಪುಗಟ್ಟಿದ ಪದರಗಳಲ್ಲಿಯೂ, ಧೂಳು ಹೆಚ್ಚಾಗಿರುವ ಪದರಗಳಲ್ಲಿಯೂ ಗಾಳಿಯಲ್ಲಿ ಇಲ್ಲದಿದ್ದ ಮೀಥೇನ್ ಕಾಣಿಸಿಕೊಂಡಿದೆ. ಧೂಳಿನ ಪದರಗಳ ವಿಷಯದಲ್ಲಿಯಂತೂ, ಹಿಮವನ್ನು ಪರೀಕ್ಷೆಗಾಗಿ ಕರಗಿಸುವ ಕ್ರಿಯೆಯೇ ಆ ಅಧಿಕ ಭಾಗವನ್ನು ಹುಟ್ಟಿಸುತ್ತದೆಯೆಂದು ಕಂಡುಬಂದಿದೆ. ಅಂದರೆ ಪರೀಕ್ಷಕನ ಕೈಯೇ ಸಾಕ್ಷ್ಯವನ್ನು ಕೆಡಿಸಿರುತ್ತದೆ.

ಇದಕ್ಕೆ ಅವರು ಕಂಡುಕೊಂಡ ಪರಿಹಾರವು ಗಮನಾರ್ಹ. ಗುಳ್ಳೆಗಳಿಲ್ಲದ ಹಿಮವನ್ನು ತಾವೇ ಸಿದ್ಧಪಡಿಸಿ, ಪ್ರಮಾಣವು ಮೊದಲೇ ಗೊತ್ತಿರುವ ಗಾಳಿಯನ್ನು ಅದರೊಡನೆ ಇಟ್ಟು, ನಿಜವಾದ ಹಿಮಕ್ಕೆ ಮಾಡುವ ಎಲ್ಲ ಸಂಸ್ಕಾರಗಳನ್ನೂ ಇದಕ್ಕೂ ಮಾಡಿ ಅಳೆಯುತ್ತಾರೆ. ಆಗ ಬರುವ ಹೆಚ್ಚುವರಿಯು ಹಿಮದ್ದಲ್ಲ. ತಮ್ಮ ಯಂತ್ರದ ದೋಷ. ಅದನ್ನು ಕಳೆದ ನಂತರವೇ ಹಿಮದ ಮಾತನ್ನು ದಾಖಲಿಸುತ್ತಾರೆ. ಇತರರ ಕಾರ್ಯವನ್ನು ತೂಗುವ ಮುನ್ನ ತನ್ನ ತಕ್ಕಡಿಯ ದೋಷವನ್ನು ಅಳೆದು ಕಳೆಯಬೇಕೆಂಬ ನೀತಿಯು ಇಲ್ಲಿ ದಿನನಿತ್ಯದ ಆಚರಣೆಯಾಗಿದೆ.

ಕೊನೆಯದಾಗಿ, ಸಾಕ್ಷ್ಯವನ್ನು ಬೇರೊಂದು ಸಾಕ್ಷ್ಯದೊಡನೆ ಹೋಲಿಸಿ ನೋಡುವ ಅವಕಾಶವೂ ದೊರೆತಿದೆ. ಆಸ್ಟ್ರೇಲಿಯದ ಕೇಪ್ ಗ್ರಿಮ್ ಎಂಬ ಕಡಲಂಚಿನಲ್ಲಿ 1978ರಿಂದ ಗಾಳಿಯನ್ನು ಲೋಹದ ಕೊಳವಿಗಳಲ್ಲಿ ತುಂಬಿಡಲಾಗುತ್ತಿದೆ. ಲಾ ಡೋಮಿನ ಹಿಮದಲ್ಲಿಯೂ ಅದರ ಮೇಲಿನ ಸಡಿಲ ಹಿಮದಲ್ಲಿಯೂ ದೊರೆತ ಲೆಕ್ಕವು, ಕಾಲವು ಸಂಧಿಸುವ ಕಡೆಯಲ್ಲಿ, ಆ ಕೊಳವಿಗಳ ಲೆಕ್ಕದೊಡನೆ ಕೂಡಿಕೊಂಡಿತು. ಪರಸ್ಪರ ಸಂಬಂಧವಿಲ್ಲದ ಎರಡು ಸಾಕ್ಷಿಗಳು ಒಂದೇ ಮಾತನ್ನು ನುಡಿದ ಮೇಲೆ ಸಂಶಯಕ್ಕೆ ಆಸ್ಪದವು ಕಡಿಮೆಯಾಗುತ್ತದೆ.

ಎಂಟು ಲಕ್ಷ ವರ್ಷಗಳ ಲೆಕ್ಕ

ಹೀಗೆ ಶೋಧಿಸಿದ ಸಾಕ್ಷ್ಯವು ಹೇಳುವುದೇನು? ಹಾರ್ಮನ್ ಕ್ರೇಗ್ ಮತ್ತು ಚೌ ಎಂಬ ಅಮೆರಿಕದ ವಿಜ್ಞಾನಿಗಳು 1982ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಿಂದ, ಕೆಲವು ಶತಮಾನಗಳಲ್ಲಿ ಮೀಥೇನ್ ಇಮ್ಮಡಿಗೂ ಹೆಚ್ಚಾಗಿದೆಯೆಂದು ತೋರಿಸಿದರು. 1990ರಲ್ಲಿ ಫ್ರಾನ್ಸಿನ ಜೆರೋಮ್ ಶಾಪೆಲಾ ಮತ್ತು ಸಂಗಡಿಗರು ವೋಸ್ಟೋಕಿನ ಹಿಮದಿಂದ 1,60,000 ವರ್ಷಗಳ ಲೆಕ್ಕವನ್ನು ಕೊಟ್ಟರು. 2008ರಲ್ಲಿ ಡೋಮ್ ಸಿ ಹಿಮದಿಂದ ಎಂಟು ಲಕ್ಷ ವರ್ಷಗಳ ಲೆಕ್ಕವು ಪ್ರಕಟವಾಯಿತು.

ಈ ದೀರ್ಘಕಾಲದಲ್ಲಿ ಮೀಥೇನ್ ಸ್ಥಿರವಾಗಿ ನಿಂತಿರಲಿಲ್ಲ. ಹಿಮಯುಗಗಳ ಕಡು ಚಳಿಯಲ್ಲಿ ನೂರು ಕೋಟಿಗೆ 350ರಿಂದ 400 ಪಾಲುಗಳಿಗೆ ಇಳಿಯುತ್ತಿತ್ತು. ಬೆಚ್ಚಗಿನ ಯುಗಗಳಲ್ಲಿ 700ರ ಆಸುಪಾಸಿಗೆ ಏರುತ್ತಿತ್ತು. ಸುಮಾರು 11,700 ವರ್ಷಗಳ ಹಿಂದೆ ಕೊನೆಯ ಚಳಿಗಾಲವು ಥಟ್ಟನೆ ಮುಗಿದಾಗ, ಎರಡು ಶತಮಾನಗಳ ಒಳಗೇ ಸುಮಾರು 500ರಿಂದ 700ರ ಮೇಲಕ್ಕೆ ಹೋಯಿತು. ಪ್ರಕೃತಿಯು ತಾನಾಗಿಯೇ ಬದಲಾಗುತ್ತದೆಯೆಂಬುದನ್ನು ಹಿಮವು ಮರೆಮಾಡುವುದಿಲ್ಲ. ಆದರೆ ಎಂಟು ಲಕ್ಷ ವರ್ಷಗಳ ಆ ಎಲ್ಲ ಏರಿಳಿತಗಳಲ್ಲಿ ಒಮ್ಮೆಯೂ 800 ಪಾಲುಗಳನ್ನು ದಾಟಿದ ಗುರುತು ಇಲ್ಲ.

1750ರ ಸುಮಾರಿಗೆ ಅದು 720ರಿಂದ 730ರಷ್ಟಿತ್ತು. 1900ರ ವೇಳೆಗೆ 880ರ ಸಮೀಪಕ್ಕೆ ಬಂದಿತು. 1950ರಲ್ಲಿ 1,100ನ್ನು ಮೀರಿತ್ತು. ಇಂದು 1,900ನ್ನು ಮೀರಿದೆ. ಎಂಟು ಲಕ್ಷ ವರ್ಷಗಳಲ್ಲಿ ಆಗದಿದ್ದುದು ಎಂಟು ಹತ್ತು ತಲೆಮಾರುಗಳಲ್ಲಿ ಆಗಿದೆ. ಇದು ಯಾರ ಕಾರ್ಯವೆಂಬ ಪ್ರಶ್ನೆಯು ಇಲ್ಲಿ ತಾನಾಗಿಯೇ ಏಳುತ್ತದೆ.

ಗದ್ದೆಯ ನೀರು ಮತ್ತು ಪೂರ್ವಜರ ಪ್ರಶ್ನೆ

ಅಮೆರಿಕದ ವಿಲಿಯಂ ರಡಿಮನ್ ಎಂಬ ವಿದ್ವಾಂಸರು 2003ರಲ್ಲಿ ಒಂದು ವಾದವನ್ನು ಮುಂದಿಟ್ಟರು. ಹಿಂದಿನ ಬೆಚ್ಚಗಿನ ಯುಗಗಳಲ್ಲಿ ಮೀಥೇನ್ ಒಮ್ಮೆ ಏರಿ ಬಳಿಕ ಕ್ರಮವಾಗಿ ಇಳಿಯುತ್ತ ಹೋಗಿದೆ. ಈ ಯುಗದಲ್ಲಿಯೂ ಮೊದಲು ಹಾಗೆಯೇ ಇಳಿಯಿತು. ಆದರೆ ಸುಮಾರು 5,000 ವರ್ಷಗಳ ಹಿಂದೆ, 580 ಪಾಲುಗಳ ಸಮೀಪದಿಂದ, ಮೆಲ್ಲಮೆಲ್ಲನೆ ಮೇಲೇರತೊಡಗಿತು. ಆಗ್ಗೆ ಏಷ್ಯದಲ್ಲಿ ಜನರು ನೀರು ನಿಲ್ಲಿಸಿ ಭತ್ತ ಬೆಳೆಯುವುದನ್ನು ವಿಸ್ತರಿಸುತ್ತಿದ್ದರು. ದನಕರುಗಳ ಮಂದೆಗಳು ಬೆಳೆಯುತ್ತಿದ್ದವು. ಏರಿಕೆಗೆ ಇವೇ ಕಾರಣವೆಂದು ರಡಿಮನ್ ಅವರ ಮತ.

ಈ ಮತಕ್ಕೆ ಪ್ರತಿಯಾದ ಮತವೂ ಉಂಟು. ಇಂಗ್ಲೆಂಡಿನ ಕೆಲವು ವಿಜ್ಞಾನಿಗಳು 2011ರಲ್ಲಿ, ಸೂರ್ಯನ ಸುತ್ತ ಭೂಮಿಯು ಚಲಿಸುವ ಪಥದಲ್ಲಿನ ನಿಧಾನವಾದ ಬದಲಾವಣೆಯಿಂದ ದಕ್ಷಿಣಾರ್ಧದ ಉಷ್ಣವಲಯದಲ್ಲಿ ಮಳೆ ಹೆಚ್ಚಿ, ಅಲ್ಲಿನ ಜೌಗು ಪ್ರದೇಶಗಳಿಂದಲೇ ಈ ಏರಿಕೆಯು ಉಂಟಾಗಬಹುದೆಂದು ಗಣಿತ ಮಾಡಿ ತೋರಿಸಿದರು. ಎರಡು ಕಾರಣಗಳೂ ಕೂಡಿ ಕೆಲಸ ಮಾಡಿರಬಹುದೆಂಬ ಅಭಿಪ್ರಾಯವೂ ಇದೆ. ಈಚಿನ ಕಾಲದ ಬಗ್ಗೆ ಬೇರೆ ಸುಳಿವುಗಳು ದೊರೆತಿವೆ. ಮೀಥೇನಿನ ಇಂಗಾಲದಲ್ಲಿ ಹಗುರವಾದ ಕಣ, ಭಾರವಾದ ಕಣ ಎಂಬ ಭೇದವುಂಟು. ಕೆಸರಿನಲ್ಲಿ ಹುಟ್ಟಿದುದು ಹಗುರ, ಬೆಂಕಿಯಿಂದ ಹುಟ್ಟಿದುದು ಭಾರ. ಈ ಭೇದವನ್ನು ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವು, ರೋಮ್ ಸಾಮ್ರಾಜ್ಯ ಮತ್ತು ಚೀನದ ಹಾನ್ ವಂಶದ ವೈಭವಕಾಲದಲ್ಲಿ ಮರಗಳನ್ನೂ ಕಾಡುಗಳನ್ನೂ ಸುಟ್ಟುದರ ಗುರುತನ್ನು ಕಂಡಿತು.

ಈಗ ನೀತಿಯ ಪ್ರಶ್ನೆಗೆ ಬರಬಹುದು. ಐದು ಸಾವಿರ ವರ್ಷಗಳ ಹಿಂದೆ ಗದ್ದೆಗೆ ನೀರು ಕಟ್ಟಿದ ರೈತನು ತಪ್ಪಿತಸ್ಥನೆ? ರಡಿಮನ್ ಅವರ ಮತವೇ ಸರಿಯೆಂದು ಇಟ್ಟುಕೊಂಡರೂ ಹೌದೆನ್ನಲಾಗದು. ಅವನಿಗೆ ಮೀಥೇನ್ ಎಂಬುದರ ಅರಿವಿರಲಿಲ್ಲ. ಅರಿಯುವ ಸಾಧನವೂ ಇರಲಿಲ್ಲ. ಮಕ್ಕಳ ಹಸಿವನ್ನು ನೀಗಿಸುವುದು ಅವನ ಉದ್ದೇಶವಾಗಿತ್ತು. ತಿಳಿಯುವ ಮಾರ್ಗವೇ ಇಲ್ಲದಿದ್ದಾಗ ತಿಳಿಯದೆ ಮಾಡಿದುದನ್ನು ಅಪರಾಧವೆನ್ನುವುದು ನ್ಯಾಯವಲ್ಲ. ಹಾಗೆಂದು ಕಾರ್ಯಕ್ಕೆ ಫಲವೇ ಇರಲಿಲ್ಲವೆಂದೂ ಹೇಳುವಂತಿಲ್ಲ. ಉದ್ದೇಶವು ಶುದ್ಧವಾಗಿದ್ದರೂ ಕಾರ್ಯವು ತನ್ನ ಗುರುತನ್ನು ಬಿಟ್ಟುಹೋಗುತ್ತದೆ. ನಿರಪರಾಧಿಯಾಗಿರುವುದು ಬೇರೆ, ಫಲರಹಿತನಾಗಿರುವುದು ಬೇರೆ. ಈ ಎರಡನ್ನೂ ಒಂದೆಂದು ತಿಳಿಯುವುದರಿಂದಲೇ ಬಹಳ ಗೊಂದಲ ಉಂಟಾಗುತ್ತದೆ. ಕೆಲವರು ಫಲವನ್ನು ಕಂಡು ಪೂರ್ವಜರನ್ನು ದೂಷಿಸುತ್ತಾರೆ. ಇನ್ನು ಕೆಲವರು ಪೂರ್ವಜರನ್ನು ಕ್ಷಮಿಸಿದುದರ ನೆರಳಿನಲ್ಲಿ ತಮ್ಮನ್ನೂ ಕ್ಷಮಿಸಿಕೊಳ್ಳುತ್ತಾರೆ.

ಭೂಮಿಯ ಮೇಲೆ ಹೊರಿಸಿದ ಭಾರ

ಹೊಣೆಯನ್ನು ತಪ್ಪಿಸಿಕೊಳ್ಳಲು ಪೂರ್ವಜರಿಗಿಂತಲೂ ಅನುಕೂಲವಾದ ಮತ್ತೊಂದು ಆಶ್ರಯವುಂಟು. ಅದು ಪ್ರಕೃತಿ. ನೆಲದ ಬಿರುಕುಗಳಿಂದ, ಕಡಲ ತಳದಿಂದ, ಕೆಸರು ಉಗುಳುವ ದಿಬ್ಬಗಳಿಂದ ಮೀಥೇನ್ ತಾನಾಗಿಯೇ ಸೋರುತ್ತದೆ. ಹೀಗೆ ಸೋರುವುದು ವರ್ಷಕ್ಕೆ 4ರಿಂದ 6 ಕೋಟಿ ಟನ್ನುಗಳಷ್ಟೆಂದು ಬಹುಕಾಲ ಅಂದಾಜು ಮಾಡಲಾಗಿತ್ತು. ಗಣಿ ಮತ್ತು ಬಾವಿಗಳಿಂದ ಸೋರುವ ಅನಿಲವೂ, ಭೂಮಿಯಿಂದ ತಾನಾಗಿ ಸೋರುವ ಅನಿಲವೂ ಒಂದೇ ಬಗೆಯ ಪುರಾತನ ಮೀಥೇನ್ ಆದುದರಿಂದ, ಗಾಳಿಯಲ್ಲಿ ಬೆರೆತ ಮೇಲೆ ಇದು ಯಾರದು, ಅದು ಯಾರದು ಎಂದು ಬೇರ್ಪಡಿಸುವುದು ಕಷ್ಟ. ಭೂಮಿಯ ಪಾಲನ್ನು ಹೆಚ್ಚೆಂದು ಎಣಿಸಿದಷ್ಟೂ ಮನುಷ್ಯನ ಪಾಲು ಕಡಿಮೆಯೆಂದು ಕಾಣುತ್ತದೆ.

ಈ ತೊಡಕನ್ನು ಬಿಡಿಸಲು ವಿಜ್ಞಾನಿಗಳು ಮರಳಿ ಹಿಮದ ಬಳಿಗೆ ಹೋದರು. ಉಪಾಯವು ಸರಳವಾದುದು. ಜೀವಿಗಳ ದೇಹದಲ್ಲಿ ಇಂಗಾಲ-14 ಎಂಬ ಒಂದು ಬಗೆಯ ಇಂಗಾಲವು ಅತಿ ಸ್ವಲ್ಪವಾಗಿ ಇರುತ್ತದೆ. ಜೀವ ಹೋದ ಮೇಲೆ ಅದು ಕ್ಷಯಿಸುತ್ತ, 5,730 ವರ್ಷಗಳಿಗೆ ಅರ್ಧವಾಗುತ್ತದೆ. ಕೋಟ್ಯಂತರ ವರ್ಷ ನೆಲದೊಳಗಿದ್ದ ಅನಿಲದಲ್ಲಿ ಅದರ ಲೇಶವೂ ಉಳಿದಿರುವುದಿಲ್ಲ. ಆದುದರಿಂದ ಗಣಿಗಳೂ ಬಾವಿಗಳೂ ಹೆಚ್ಚುವ ಮೊದಲಿನ ಗಾಳಿಯಲ್ಲಿ ಇಂಗಾಲ-14 ಇಲ್ಲದ ಮೀಥೇನ್ ಎಷ್ಟಿತ್ತೆಂದು ಅಳೆದರೆ, ಅದೇ ಭೂಮಿಯ ಸಹಜವಾದ ಪಾಲು.

ಉಪಾಯ ಸರಳವಾದರೂ ಕಾರ್ಯವು ಅತ್ಯಂತ ಶ್ರಮದ್ದು. ಅಂಗೈಯಷ್ಟು ಹಿಮವು ಇಲ್ಲಿ ಸಾಲದು. ಒಂದೊಂದು ಎಣಿಕೆಗೆ ಸುಮಾರು 1,000 ಕಿಲೋಗ್ರಾಂ ಹಿಮವನ್ನು ಕರಗಿಸಬೇಕು. ವಸಿಲಿ ಪೆಟ್ರೆಂಕೊ ಮತ್ತು ಸಂಗಡಿಗರು ಅಂಟಾರ್ಕ್ಟಿಕದ ಟೇಲರ್ ಹಿಮನದಿಯಲ್ಲಿ ಹೀಗೆ ಮಾಡಿ, ಸುಮಾರು 11,600 ವರ್ಷಗಳ ಹಿಂದೆ ಭೂಮಿಯಿಂದ ಸೋರುತ್ತಿದ್ದುದು ವರ್ಷಕ್ಕೆ ಹೆಚ್ಚೆಂದರೆ 1 ಕೋಟಿ 54 ಲಕ್ಷ ಟನ್ನೆಂದು 2017ರಲ್ಲಿ ತಿಳಿಸಿದರು. ಬೆಂಜಮಿನ್ ಮೀಲ್ ಮತ್ತು ಸಂಗಡಿಗರು ಗ್ರೀನ್‌ಲ್ಯಾಂಡಿನ ಹಿಮವನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಕೈಗಾರಿಕೆಗಳಿಗೆ ಮುಂಚಿನ ಕಾಲದ ಆ ಪಾಲು ಸುಮಾರು 16 ಲಕ್ಷ ಟನ್ನು. ಹೆಚ್ಚೆಂದರೆ 54 ಲಕ್ಷ ಟನ್ನು.

ಇದರ ಅರ್ಥವೇನು? ಭೂಮಿಯ ಹೆಸರಿನಲ್ಲಿ ಬರೆದಿದ್ದ ಲೆಕ್ಕದ ಬಹುಭಾಗವು ಭೂಮಿಯದಲ್ಲ. ಆ ಅಧ್ಯಯನದ ಪ್ರಕಾರ ಕಲ್ಲಿದ್ದಲು, ಎಣ್ಣೆ, ಅನಿಲಗಳಿಂದ ಮನುಷ್ಯನು ಬಿಡುಗಡೆ ಮಾಡುತ್ತಿರುವ ಮೀಥೇನನ್ನು ವರ್ಷಕ್ಕೆ 3.8ರಿಂದ 5.8 ಕೋಟಿ ಟನ್ನುಗಳಷ್ಟು, ಅಂದರೆ ನೂರಕ್ಕೆ 25ರಿಂದ 40ರಷ್ಟು, ಕಡಿಮೆಯಾಗಿ ಎಣಿಸಲಾಗಿತ್ತು. ನೆಲದ ಸೋರಿಕೆಯನ್ನು ಸ್ಥಳದಲ್ಲಿಯೇ ಅಳೆಯುವ ಕೆಲವು ತಜ್ಞರು ಇದನ್ನು ಒಪ್ಪದೆ, ಭೂಮಿಯ ಪಾಲು ಇನ್ನೂ ದೊಡ್ಡದೆಂದೇ ವಾದಿಸುತ್ತಾರೆ. ವಾದವು ಮುಗಿದಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹಿಮದ ಸಾಕ್ಷ್ಯವು ಎರಡು ಧ್ರುವಗಳಿಂದಲೂ ಒಂದೇ ದಿಕ್ಕಿಗೆ ಬೊಟ್ಟುಮಾಡುತ್ತಿರುವುದು ಕಡೆಗಣಿಸತಕ್ಕ ವಿಷಯವಲ್ಲ. ಮಾತನಾಡಲಾರದವರ ಮೇಲೆ ತಪ್ಪನ್ನು ಹೊರಿಸುವುದು ಎಲ್ಲ ಕಾಲದಲ್ಲಿಯೂ ಸುಲಭ. ಭೂಮಿಯ ಪರವಾಗಿ ನುಡಿಯಲು ಇಲ್ಲಿ ಸಾವಿರ ಕಿಲೋಗ್ರಾಂ ಹಿಮವನ್ನು ಕರಗಿಸಬೇಕಾಯಿತು.

ಅರಿವು ಬಂದ ಮೇಲೆ

ಮೀಥೇನಿನ ಸ್ವಭಾವದಲ್ಲಿ ಇನ್ನೊಂದು ವಿಶೇಷವಿದೆ. ಅದು ಈ ನೀತಿವಿಚಾರಕ್ಕೆ ಅತ್ಯಂತ ಮುಖ್ಯವಾದುದು. ಈ ಅನಿಲವು ಗಾಳಿಯಲ್ಲಿ ಬಹುಕಾಲ ಉಳಿಯುವುದಿಲ್ಲ. ಸರಾಸರಿಯಾಗಿ ಹತ್ತು ಹನ್ನೆರಡು ವರ್ಷಗಳಲ್ಲಿ ಬೇರೆ ವಸ್ತುಗಳೊಡನೆ ಸೇರಿ ನಾಶವಾಗುತ್ತದೆ. ಪ್ರಾಚೀನ ರೈತನ ಗದ್ದೆಯಿಂದ ಎದ್ದ ಮೀಥೇನ್ ಇಂದಿನ ಗಾಳಿಯಲ್ಲಿ ಇಲ್ಲ. ರೋಮಿನ ಕುಲುಮೆಗಳದ್ದೂ ಇಲ್ಲ, 1850ರ ಗಣಿಗಳದ್ದೂ ಇಲ್ಲ. ಅವುಗಳ ಗುರುತು ಹಿಮದಲ್ಲಿ ಮಾತ್ರ ಉಳಿದಿದೆ. ಇಂದು ಗಾಳಿಯಲ್ಲಿರುವ ಮೀಥೇನ್ ಬಹುಮಟ್ಟಿಗೆ ಕಳೆದ ಎರಡು ಮೂರು ದಶಕಗಳಲ್ಲಿ, ಇಂದು ಬದುಕಿರುವವರ ಕಾಲದಲ್ಲಿ ಸೇರಿದುದು.

ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಇಲ್ಲಿ ಉತ್ತರವು ದೊರೆಯುತ್ತದೆ. ಮಾಡಿದವನು ಗತಿಸಿದ್ದಾನೆಂಬ ಮಾತು ಈ ಅನಿಲದ ವಿಷಯದಲ್ಲಿ ಸಲ್ಲದು. ಪೂರ್ವಜರ ಲೆಕ್ಕವನ್ನು ಗಾಳಿಯು ತಾನಾಗಿ ತೊಳೆದುಬಿಟ್ಟಿದೆ. ಉಳಿದಿರುವುದು ಈ ತಲೆಮಾರಿನ ಲೆಕ್ಕ. ಮತ್ತು ಈ ತಲೆಮಾರಿಗೆ ಅರಿವಿಲ್ಲವೆಂಬ ನೆಪವಿಲ್ಲ. 1982ರಿಂದೀಚೆಗೆ ಹಿಮವು ಹೇಳಿದುದನ್ನು ಬಲ್ಲವರು ಮಾಡುವುದು ಅಜ್ಞಾನದ ಕಾರ್ಯವಲ್ಲ. ಅರಿತೂ ಎಚ್ಚರವಹಿಸದಿದ್ದರೆ ಅದಕ್ಕೆ ಪ್ರಮಾದವೆಂದೇ ಹೆಸರು.

ಹಾಗಾದರೆ ಗದ್ದೆಗೆ ನೀರು ಹಾಯಿಸುವ ಬಡ ರೈತನೂ, ಅನಿಲವನ್ನು ಸೋರಬಿಡುವ ಬಾವಿಯ ಒಡೆಯನೂ ಸಮಾನವಾಗಿ ಹೊಣೆಗಾರರೆ? ಇಲ್ಲಿಯೂ ವಿವೇಚನೆ ಅಗತ್ಯ. ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಅವರು 1991ರಲ್ಲಿ ದೆಹಲಿಯಿಂದ ಪ್ರಕಟಿಸಿದ ಒಂದು ಪುಸ್ತಕದಲ್ಲಿ, ಬದುಕಲು ಅನಿವಾರ್ಯವಾದ ಹೊರಸೂಸುವಿಕೆಯನ್ನೂ ಭೋಗಕ್ಕಾಗಿ ಮಾಡುವ ಹೊರಸೂಸುವಿಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ವಾದಿಸಿದರು. ಈ ಭೇದವು ನ್ಯಾಯವಾದುದು. ಅನ್ನಕ್ಕಾಗಿ ಆಗುವ ಅನಿವಾರ್ಯವಾದ ಹಾನಿಯು ಒಂದು. ಒಡೆದ ಕೊಳವೆಯನ್ನು ಸರಿಪಡಿಸದೆ, ಮುಚ್ಚಬೇಕಾದ ಬಾವಿಯನ್ನು ಮುಚ್ಚದೆ ಆಗುವ ಹಾನಿಯು ಮತ್ತೊಂದು. ಎರಡನೆಯದರಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. 2021ರ ನವೆಂಬರಿನಲ್ಲಿ ಗ್ಲಾಸ್ಗೋ ನಗರದಲ್ಲಿ, ಮೀಥೇನಿನ ಹೊರಸೂಸುವಿಕೆಯನ್ನು 2030ರೊಳಗೆ 2020ರ ಮಟ್ಟಕ್ಕಿಂತ ನೂರಕ್ಕೆ 30ರಷ್ಟು ತಗ್ಗಿಸುವ ಸಂಕಲ್ಪವನ್ನು ಹಲವು ರಾಷ್ಟ್ರಗಳು ಮಾಡಿದವು. ಭಾರತವು ಸಣ್ಣ ರೈತರ ಜೀವನೋಪಾಯವನ್ನು ಮುಂದಿಟ್ಟು ಅದಕ್ಕೆ ಸೇರಲಿಲ್ಲ.

ಆದರೆ ಅನಿವಾರ್ಯವೆಂಬ ಪದವನ್ನು ಸಡಿಲವಾಗಿ ಬಳಸುವುದೂ ಸಲ್ಲದು. ನಿನ್ನೆ ಅನಿವಾರ್ಯವಾಗಿದ್ದುದು ಇಂದು ಹಾಗಿರಲಾರದು. ಭತ್ತದ ಗದ್ದೆಯಲ್ಲಿ ಸದಾ ನೀರು ನಿಲ್ಲಿಸುವ ಬದಲು ನಡುನಡುವೆ ಆರಲು ಬಿಟ್ಟರೆ ಮಣ್ಣಿಗೆ ಗಾಳಿ ಸೇರಿ ಮೀಥೇನ್ ಗಣನೀಯವಾಗಿ ತಗ್ಗುತ್ತದೆ, ನೀರೂ ಉಳಿಯುತ್ತದೆಯೆಂದು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ತೋರಿಸಿದ್ದಾರೆ. ನಾಲೆಯ ನೀರು ತನ್ನ ಅಧೀನದಲ್ಲಿಲ್ಲದ ರೈತನಿಗೆ ಇದು ಸಾಧ್ಯವಾಗದು, ಅಧೀನದಲ್ಲಿರುವವನಿಗೆ ಸಾಧ್ಯ. ನಗರದ ಮನೆಗಳಲ್ಲಿ ಉಳಿದ ಅನ್ನ ತರಕಾರಿಗಳು ಕಸದ ರಾಶಿಯ ತಳ ಸೇರಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಆಗುತ್ತವೆ. ಅದೇ ವಸ್ತುಗಳು ಗಾಳಿಯಾಡುವ ಗೊಬ್ಬರದ ಗುಂಡಿಯಲ್ಲಿ ಮಣ್ಣಾದರೆ ಆ ಅನಿಲವು ಬಹಳ ಕಡಿಮೆ. ಬೇಕಾದಷ್ಟೇ ಬೇಯಿಸಿ ಉಣ್ಣುವ ಮನೆಯಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಹೊಣೆಯು ಅರಿವಿನಷ್ಟೂ ಶಕ್ತಿಯಷ್ಟೂ ಇರುತ್ತದೆ. ಇವೆರಡರಲ್ಲಿ ಯಾವುದು ಇಲ್ಲದವನ ಮೇಲೂ ಅದನ್ನು ಹೊರಿಸಲಾಗದು, ಎರಡೂ ಇರುವವನು ಅದರಿಂದ ಜಾರಿಕೊಳ್ಳಲಾರನು.

ಬೇಗನೆ ಅಳಿಯುವ ಅನಿಲವಾದುದರಿಂದ ಇಲ್ಲಿ ಸಂಯಮದ ಫಲವೂ ಬೇಗನೆ ದೊರೆಯುತ್ತದೆ. ಇಂದು ಕಡಿಮೆ ಮಾಡಿದುದರ ಪರಿಣಾಮವನ್ನು ಕಾಣಲು ಶತಮಾನಗಳು ಕಾಯಬೇಕಾಗಿಲ್ಲ; ಒಂದೆರಡು ದಶಕಗಳಲ್ಲಿ ಗಾಳಿಯೇ ಅದನ್ನು ತೋರಿಸುವುದು. ಮಾಡಿದವರೇ ಅದನ್ನು ತಮ್ಮ ಜೀವಿತಕಾಲದಲ್ಲಿ ಕಾಣಬಹುದಾಗಿದೆ. ಮನುಷ್ಯನು ಪ್ರಕೃತಿಗೆ ಮಾಡಿದ ಹಾನಿಗಳಲ್ಲಿ ಇಂತಹ ಅವಕಾಶವುಳ್ಳವು ಕೆಲವೇ.

ಈ ವರ್ಷವೂ ಅಂಟಾರ್ಕ್ಟಿಕದಲ್ಲಿ ಹಿಮ ಬೀಳುತ್ತಿದೆ. ಅದರ ಸಂದುಗಳಲ್ಲಿ ಇಂದಿನ ಗಾಳಿಯು ಇಳಿಯುತ್ತಿದೆ. ಆಳದಲ್ಲಿ ಆ ಸಂದುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಮುಚ್ಚಿದ ಮೇಲೆ ಒಳಗಿನ ಲೆಕ್ಕವನ್ನು ಯಾರೂ ತಿದ್ದಲಾರರು. ಸಾವಿರಾರು ವರ್ಷಗಳ ನಂತರ ಅದನ್ನು ಒಡೆದು ನೋಡುವವರು, ಈ ಕಾಲದವರಿಗೆ ವಿಷಯವು ತಿಳಿದಿತ್ತು ಎಂಬುದನ್ನು ಬಲ್ಲವರೇ ಆಗಿರುತ್ತಾರೆ. ತಿಳಿದ ಮೇಲೆ ಲೆಕ್ಕವು ಏರುತ್ತಲೇ ಹೋಯಿತೋ, ಇಳಿಯತೊಡಗಿತೋ ಎಂಬುದನ್ನು ಅವರು ಓದುವರು. ಸಂದುಗಳು ಮುಚ್ಚುವವರೆಗೆ ಅದನ್ನು ನಿರ್ಧರಿಸುವ ಅವಕಾಶವು ಇಂದಿನವರಿಗಿದೆಯೆಂಬುದನ್ನು ಸುಜ್ಞ ವಾಚಕರು ಮನಗಾಣಬೇಕು.